ಒಂದು ವಾರದ ಗೋಡೆ

2014ರ ಬಹುಭಾಗ ನನ್ನ ಓದು ಕಬ್ಬನ್ ಪಾರ್ಕಿನೊಳಗಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ನಡೆಯಿತು. ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಆ ಕೆಂಪು ಕಟ್ಟಡದಲ್ಲಿ ಹಳೆಯ ಸಂಪುಟಗಳನ್ನು ತಿರುವಿಹಾಕಿ, ಮಧ್ಯಾಹ್ನ ಕಣ್ಣು ದಣಿದಾಗ ಮರಗಳ ನೆರಳಿನಲ್ಲಿ ನಡೆದು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋಗುವುದು ರೂಢಿಯಾಯಿತು. ಕಲೆಯ ಮೇಲಿನ ಪ್ರೀತಿಯಿಂದ ಹೋದೆನೆಂದು ಹೇಳಿದರೆ ಅದು ಪೂರ್ತಿ ನಿಜವಾಗದು. ಅಲ್ಲಿ ತಂಪಿತ್ತು, ಮೌನವಿತ್ತು, ಒಬ್ಬನೇ ಕುಳಿತರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಚಿತ್ರಶಾಲೆ ಯಾರ ಹೆಸರಿನದೋ ಆ ಕೆ. ವೆಂಕಟಪ್ಪನವರು (1886–1965) ಚಿತ್ರಗಾರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಮರಳಿದವರು. ಉದಕಮಂಡಲದ ಬೆಳಕು-ಮಂಜುಗಳನ್ನು ಜಲವರ್ಣದಲ್ಲಿ ಹಿಡಿದ ಅವರ ಚಿತ್ರಗಳು, ಪ್ಲಾಸ್ಟರಿನ ಉಬ್ಬುಶಿಲ್ಪಗಳು ಅಲ್ಲಿ ಶಾಶ್ವತ ಸಂಗ್ರಹವಾಗಿವೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ಚಿತ್ರಗಳಿಗೂ ಅದೇ ಕಟ್ಟಡದಲ್ಲಿ ಸ್ಥಾನವಿದೆ. ಇವುಗಳ ಜೊತೆಗೆ, ಕಡಿಮೆ ಬಾಡಿಗೆಗೆ ಯಾವ ಕಲಾವಿದನಾದರೂ ಕೆಲವು ದಿನ ತನ್ನ ಚಿತ್ರಗಳನ್ನು ತೂಗುಹಾಕಬಹುದಾದ ಸಭಾಂಗಣಗಳಿವೆ. ಆ ವರ್ಷ ನನ್ನನ್ನು ಮತ್ತೆ ಮತ್ತೆ ಎಳೆದದ್ದು ಈ ಬಾಡಿಗೆಯ ಗೋಡೆಗಳು.

ವಾರ ಕಳೆಯುವಷ್ಟರಲ್ಲಿ ಗೋಡೆ ಬದಲಾಗುತ್ತಿತ್ತು. ಜನವರಿಯಲ್ಲಿ ಕಲಾಶಾಲೆಯಿಂದ ಆಗಷ್ಟೇ ಹೊರಬಂದ ಐವರು ಹುಡುಗರು ಸೇರಿ ನಡೆಸಿದ ಪ್ರದರ್ಶನವನ್ನು ನೋಡಿದೆ. ಬಾಡಿಗೆಯನ್ನು ಐದು ಪಾಲು ಮಾಡಿಕೊಂಡಂತೆ ಗೋಡೆಯನ್ನೂ ಅಳತೆಪಟ್ಟಿ ಹಿಡಿದು ಐದು ಪಾಲು ಮಾಡಿಕೊಂಡಿದ್ದರು. ಬೇಸಿಗೆಯಲ್ಲಿ, ನಾಟಕ ಕಂಪನಿಗಳಿಗೆ ಪರದೆ ಬರೆದು ಬದುಕಿದ ಹಿರಿಯರೊಬ್ಬರ ಚಿತ್ರಗಳು ಬಂದವು. ಇಪ್ಪತ್ತು ಅಡಿಯ ಪರದೆಗೆ ಒಗ್ಗಿದ ಕೈ ಎರಡಡಿಯ ಕ್ಯಾನ್ವಾಸಿನಲ್ಲಿ ಇಕ್ಕಟ್ಟನ್ನು ಅನುಭವಿಸುತ್ತಿದ್ದುದು ಕಾಣುತ್ತಿತ್ತು. ಗೃಹಿಣಿಯೊಬ್ಬರು ತಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವ ಒಂದೇ ನೋಟವನ್ನು ಹದಿನೆಂಟು ಸಲ ಚಿತ್ರಿಸಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರ ಚಿತ್ರಗಳು ನನಗೆ ಹಿಡಿಸಲಿಲ್ಲ. ಆದರೂ ಪ್ರದರ್ಶನದ ಕೊನೆಯ ದಿನ ಅವರು ಒಂದೊಂದನ್ನೇ ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದ ಬಗೆ ಇಂದಿಗೂ ಕಣ್ಣಮುಂದಿದೆ.

ಪ್ರತಿ ಪ್ರದರ್ಶನದ ಬ್ರೋಷರನ್ನು ತಂದು ಒಂದು ಕಡತದಲ್ಲಿ ಇಡತೊಡಗಿದೆ. ಹಸ್ತಪ್ರತಿಗಳ ನಡುವೆ ಬಾಳಿದವನಿಗೆ ಕಾಗದವನ್ನು ಎಸೆಯುವುದು ಬಾರದು. ಅದರಾಚೆಗೆ ಅದಕ್ಕೆ ಯಾವ ಉದ್ದೇಶವೂ ಇರಲಿಲ್ಲ.

ಆಗಸ್ಟಿನ ಒಂದು ಮಳೆಯ ಮಧ್ಯಾಹ್ನ ಸಭಾಂಗಣದಲ್ಲಿ ನಾನಲ್ಲದೆ ಬೇರೆ ವೀಕ್ಷಕರಿರಲಿಲ್ಲ. ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕರಾಗಿ ನಿವೃತ್ತರಾದವರೊಬ್ಬರ ಜಲವರ್ಣಗಳು ಅಲ್ಲಿದ್ದವು. ಎಲ್ಲವೂ ಕೆರೆಗಳೇ: ಏರಿ, ತೂಬು, ಕೋಡಿ, ಬೇಸಿಗೆಯಲ್ಲಿ ಬಿರುಕುಬಿಟ್ಟ ಅಂಗಳ. ಪ್ರತಿ ಚಿತ್ರದ ಕೆಳಗೆ ತಮ್ಮ ಹೆಸರಿನೊಡನೆ ಊರಿನ ಹೆಸರನ್ನೂ ಬರೆದಿದ್ದರು. ಏಕೆಂದು ಕೇಳಿದೆ.

"ಬೇಲೂರಿನಲ್ಲಿ ಮದನಿಕೆಯ ಕೆಳಗೆ ದಾಸೋಜ ಏನು ಬರೆದಿದ್ದಾನೆ, ನಿಮಗೆ ಗೊತ್ತಿರಬೇಕಲ್ಲ ಸರ್? ಬಳ್ಳಿಗಾವೆಯವನು ಅಂತ. ಬೇರೆ ಊರಲ್ಲಿ ನಿಂತು ಕೆಲಸ ಮಾಡಿದವನು ತನ್ನ ಊರು ಹೇಳ್ತಾನೆ" ಎಂದರು.

ಬೇಲೂರಿನ ದೇವಾಲಯ 1117ರಲ್ಲಿ ಪ್ರತಿಷ್ಠಿತವಾದದ್ದು. ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ ಮುಂತಾದವರ ಹೆಸರುಗಳನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಭಾರತೀಯ ಕಲಾವಿದ ಅನಾಮಧೇಯನೆಂಬ ಮಾತಿಗೆ ಹೊಯ್ಸಳ ಶಿಲ್ಪಿಗಳನ್ನು ಅಪವಾದವಾಗಿ ತೋರಿಸಿ ಹೆಮ್ಮೆಪಟ್ಟಿದ್ದೇನೆ. ಆದರೆ ಎದುರಿಗೆ ನಿಂತ ರುಜುವನ್ನು ಆ ಸಾಲಿಗೆ ಸೇರಿಸಿ ನೋಡುವುದು ನನಗೆ ಹೊಳೆದಿರಲಿಲ್ಲ.

ಹೊರಡುವಾಗ ಮೇಷ್ಟ್ರು ಅಭಿಪ್ರಾಯ ಪುಸ್ತಕವನ್ನು ಮುಂದಿಟ್ಟರು. "ಚಿತ್ರಗಳು ಸೊಗಸಾಗಿವೆ. ಶುಭ ಹಾರೈಕೆಗಳು" ಎಂದು ಬರೆದು ಸಹಿ ಹಾಕಿದೆ. ಅವರು ಅದನ್ನು ಓದಿ, ಸ್ವಲ್ಪ ಸುಮ್ಮನಿದ್ದು, ತೀರ ಸಂಕೋಚದಿಂದ ಹೇಳಿದರು: "ನೀವು ಬರೆಯುವವರು. ನಾನು ಮೂವತ್ತನಾಲ್ಕು ವರ್ಷ ಮಕ್ಕಳ ಚಿತ್ರ ತಿದ್ದಿದೆ. ನನ್ನದನ್ನು ಯಾರೂ ತಿದ್ದಲಿಲ್ಲ. ತಪ್ಪಿದ್ದರೆ ತಪ್ಪು ಅಂತಲೇ ನಾಲ್ಕು ಸಾಲು ಬರೆದುಕೊಟ್ಟರೆ ಆದೀತು." ಬರೆಯುತ್ತೇನೆಂದು ಮಾತುಕೊಟ್ಟೆ.

ಸೆಪ್ಟೆಂಬರ್ ಕಳೆಯಿತು, ಅಕ್ಟೋಬರ್ ಕಳೆಯಿತು. ನವೆಂಬರಿನಲ್ಲಿ ಕಡತ ಬಿಡಿಸಿದಾಗ ಅವರ ಬ್ರೋಷರು ಸಿಕ್ಕಿತು; ನಾಚಿಕೆಯಾಗಿ ಬರೆಯಲು ಕುಳಿತೆ. ಬರೆಯಲಾಗಲಿಲ್ಲ. ಬ್ರೋಷರಿನಲ್ಲಿದ್ದವು ನಾಲ್ಕೇ ಚಿತ್ರಗಳು, ಅವೂ ಅಂಚೆಚೀಟಿಗಿಂತ ತುಸು ದೊಡ್ಡವು. ಉಳಿದವುಗಳಲ್ಲಿ ನನಗೆ ನೆನಪಿದ್ದುದು ಎಷ್ಟು? ತೂಬಿನ ಕಲ್ಲು ಚಿತ್ರದ ಎಡಕ್ಕಿತ್ತೋ ಬಲಕ್ಕಿತ್ತೋ? ಏರಿಯ ಮೇಲೆ ನಡೆಯುತ್ತಿದ್ದ ಹೆಂಗಸಿನ ತಲೆಯ ಮೇಲೆ ಇದ್ದುದು ಕೊಡವೋ ಹುಲ್ಲಿನ ಹೊರೆಯೋ? ಒಂದು ಅಕ್ಷರದ ಪಾಠಾಂತರಕ್ಕಾಗಿ ಮೂರು ಪ್ರತಿಗಳನ್ನು ತಿಂಗಳುಗಟ್ಟಲೆ ಹೋಲಿಸಿದವನು ನಾನು. ಒಂದು ಚಿತ್ರದ ಮುಂದೆ ಹತ್ತು ನಿಮಿಷವೂ ನಿಂತಿರಲಿಲ್ಲ. ಇಡೀ ವರ್ಷ ನೋಡಿದೆನೆಂದು ತಿಳಿದಿದ್ದೆ; ತಂಪಿನಲ್ಲಿ ಕುಳಿತಿದ್ದೆ, ಅಷ್ಟೆ.

ಅದಕ್ಕಿಂತ ಹೆಚ್ಚಾಗಿ ಕಾಡಿದ ಸಂಗತಿ ಬೇರೆಯಿತ್ತು. ಆಕರವೊಂದು ನಷ್ಟವಾಗಿದೆಯೆಂದು ನಾವು ಸಂಶೋಧಕರು ಕಾಲವನ್ನೂ ಗೆದ್ದಲನ್ನೂ ದೂರುತ್ತೇವೆ. ಇಲ್ಲಿ ಗೆದ್ದಲಿಗೆ ಇನ್ನೂ ಕೆಲಸವೇ ಬಂದಿರಲಿಲ್ಲ. ಬದುಕಿರುವ ಕಲಾವಿದನೊಬ್ಬನ ಪ್ರದರ್ಶನ ಮೂರು ತಿಂಗಳಲ್ಲೇ ನಾಲ್ಕು ಕಿರುಚಿತ್ರಗಳಿಗೂ ಒಂದು ಅಭಿಪ್ರಾಯ ಪುಸ್ತಕಕ್ಕೂ ಇಳಿದಿತ್ತು. ಆ ಪುಸ್ತಕದಲ್ಲಿ ನನ್ನ ಸಾಲು ಯಾವ ಚಿತ್ರಕ್ಕಾದರೂ ಸಲ್ಲುವಂಥದ್ದು, ಆದ್ದರಿಂದ ಯಾವುದಕ್ಕೂ ಸಲ್ಲದ್ದು. ವೆಂಕಟಪ್ಪನವರು ದಿನಚರಿ ಬರೆದಿಟ್ಟರು. ಅವರನ್ನು ಕುರಿತು ಬರೆದವರಿಗೆ ಅದು ಆಸರೆಯಾಯಿತು. ದಿನಚರಿ ಇಡದವರ ಗತಿಯೇನು?

ಬ್ರೋಷರಿನಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆಮಾಡಿ ಕ್ಷಮೆ ಕೇಳಿದೆ. ಮೇಷ್ಟ್ರು ನಕ್ಕರು. "ಮೂರು ಮಾರಾಟವಾದವು. ಉಳಿದವು ಮಂಚದ ಕೆಳಗಿವೆ. ಬನ್ನಿ" ಎಂದರು. ಡಿಸೆಂಬರಿನಲ್ಲಿ ಹಾಸನದ ಬಸ್ಸು ಹತ್ತಿದೆ. ಅವರ ಮನೆಯ ಹಜಾರದಲ್ಲಿ ಒಂದೊಂದು ಚಿತ್ರವನ್ನೂ ಗೋಡೆಗೆ ಆನಿಸಿ, ಬೆಳಗಿನಿಂದ ದೀಪ ಹಚ್ಚುವವರೆಗೆ ನೋಡಿದೆ. ನಡುವೆ ಅವರ ಮನೆಯವರು ಎರಡು ಸಲ ಕಾಫಿ ಕೊಟ್ಟರು, ಒಂದು ಸಲ ಊಟ ಬಡಿಸಿದರು. ನೋಡುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು: ಅಲ್ಲಿದ್ದವು ಹಲವು ಕೆರೆಗಳಲ್ಲ, ಒಂದೇ ಕೆರೆ. ಮೂವತ್ತು ವರ್ಷಗಳ ಅವಧಿಯಲ್ಲಿ ನೀರು ಹಿಂದೆ ಸರಿದು, ಅಂಗಳದೊಳಕ್ಕೆ ಮನೆಗಳು ಬಂದು, ಕೊನೆಯ ಚಿತ್ರದಲ್ಲಿ ತೂಬು ಮಾತ್ರ ಉಳಿದಿತ್ತು. ಇದನ್ನು ಅವರು ಎಲ್ಲಿಯೂ ಬರೆದಿರಲಿಲ್ಲ. ಚಿತ್ರಶಾಲೆಯಲ್ಲಿ ತೂಗುಹಾಕಿದ್ದೂ ಕಾಲಾನುಕ್ರಮದಲ್ಲಿರಲಿಲ್ಲ. "ಗಾತ್ರ ನೋಡಿ ಹೊಂದಿಸಿದ್ದೆ ಸರ್, ಗೋಡೆ ಸಾಲದಾಗಿತ್ತು" ಎಂದರು.

ನಾಲ್ಕು ಪುಟ ಬರೆದು ಅಂಚೆಯಲ್ಲಿ ಕಳುಹಿಸಿದೆ. ನೀರಿನ ಬಣ್ಣದಲ್ಲಿ ಅವರು ಸಾಧಿಸಿದ ಪಾರದರ್ಶಕತೆಯನ್ನೂ, ಮನುಷ್ಯಾಕೃತಿಗಳಲ್ಲಿ ಕಾಣುವ ಬಿಗುವನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದೆ. ವಾರದಲ್ಲಿ ಹಾಳೆಗಳು ಮರಳಿ ಬಂದವು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ತಿದ್ದುಪಡಿ: "ಏಳನೆಯ ಚಿತ್ರ ಸೂರ್ಯಾಸ್ತವಲ್ಲ, ಬೆಳಗು. ಏರಿ ಇರುವುದು ಪೂರ್ವಕ್ಕೆ." ನನ್ನ ಬರಹಕ್ಕೆ ಅಷ್ಟು ನಿಖರವಾದ ವಿಮರ್ಶೆ ಹಿಂದೆಂದೂ ಸಿಕ್ಕಿರಲಿಲ್ಲ.

2016ರಲ್ಲಿ ಆ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಸುಪರ್ದಿಗೆ ಒಪ್ಪಿಸುವ ಒಡಂಬಡಿಕೆಯನ್ನು ವಿರೋಧಿಸಿ ಬೆಂಗಳೂರಿನ ಕಲಾವಿದರು ಒಟ್ಟಾಗಿ ನಿಂತರು. ಆ ಯೋಜನೆ ಮುಂದುವರಿಯಲಿಲ್ಲ. ಕಟ್ಟಡ ಸೊರಗಿದೆ, ಬೆಳಕು ಸಾಲದು, ಯಾರಾದರೂ ಚೆನ್ನಾಗಿ ನಡೆಸಲಿ ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಆ ದಿನಗಳಲ್ಲಿ ನನಗೆ ನೆನಪಾದದ್ದು ಅಳತೆಪಟ್ಟಿ ಹಿಡಿದ ಐವರು ಹುಡುಗರು, ಹದಿನೆಂಟು ಕಿಟಕಿಗಳು, ಸೀರೆಯಲ್ಲಿ ಸುತ್ತಿದ ಚಿತ್ರಗಳು. ಆಯ್ಕೆಗಾರರ ಮುಂದೆ ನಿಂತಿದ್ದರೆ ಇವರಲ್ಲಿ ಎಷ್ಟು ಮಂದಿಗೆ ಗೋಡೆ ಸಿಗುತ್ತಿತ್ತು? ಬ್ಯಾಂಕಿನವರಿಗೆ ನಾನೇ ಕೊಡುತ್ತಿರಲಿಲ್ಲ. ಕೆರೆಯ ಮೇಷ್ಟ್ರಿಗೂ, ಆಗಸ್ಟಿನ ಆ ಮಧ್ಯಾಹ್ನ ಕೇಳಿದ್ದರೆ, ಬಹುಶಃ ಕೊಡುತ್ತಿರಲಿಲ್ಲ. ಯಾರ ಒಪ್ಪಿಗೆಯನ್ನೂ ಕಾಯದೆ ಒಂದು ವಾರ ಗೋಡೆ ಕೊಡುವ ಸ್ಥಳವಿದ್ದುದರಿಂದಲೇ ಡಿಸೆಂಬರಿನಲ್ಲಿ ನನಗೆ ಎರಡನೆಯ ಅವಕಾಶ ದೊರೆಯಿತು.

ವಿದ್ಯಾರ್ಥಿಮಿತ್ರರಲ್ಲಿ ಒಂದು ಅರಿಕೆ. ನಿಮ್ಮ ಊರಿನ ಪ್ರದರ್ಶನಕ್ಕೆ ಹೋದಾಗ ಅಭಿಪ್ರಾಯ ಪುಸ್ತಕದಲ್ಲಿ ಒಂದೇ ಒಂದು ಚಿತ್ರವನ್ನು ಹೆಸರಿಸಿ, ಅದರಲ್ಲಿ ನೀವು ಕಂಡದ್ದನ್ನು ಬರೆಯಿರಿ: ಏರಿ ಯಾವ ದಿಕ್ಕಿಗಿದೆ, ತಲೆಯ ಮೇಲಿರುವುದು ಕೊಡವೋ ಹೊರೆಯೋ. ತಪ್ಪಾಗಿ ಬರೆದರೂ ಚಿಂತೆಯಿಲ್ಲ, ತಿದ್ದುವವರು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ನನ್ನ ಕಡತದಲ್ಲಿ ಆ ವರ್ಷದ ಬ್ರೋಷರುಗಳು ನಲವತ್ತೊಂದಿವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ನಾಲ್ಕು ಪುಟಗಳ ಬರಹ ಲಗತ್ತಾಗಿದೆ, ಕೆಂಪು ಶಾಯಿಯ ತಿದ್ದುಪಡಿಯೊಡನೆ.