ಆಯುಷ್ಯ ತೀರಿತೆಂಬ ಮಾತು

ಮನೆಯಲ್ಲಿ ಸಾವು ಸಂಭವಿಸಿದಾಗ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು ‘ಆಯುಷ್ಯ ತೀರಿತು’ ಎಂಬುದು. ಕರ್ಮಸಿದ್ಧಾಂತದಲ್ಲಿ ಶ್ರದ್ಧೆಯುಳ್ಳ ನಮಗೆ ಅದು ಕೇವಲ ಸಮಾಧಾನದ ಮಾತಲ್ಲ. ಆಯುಕರ್ಮವೆಂಬುದು ಅಷ್ಟಕರ್ಮಗಳಲ್ಲಿ ಒಂದು. ೨೦೨೪ರ ಜನವರಿಯ ಒಂದು ಮುಂಜಾನೆ ನಾನು ಈ ಮಾತನ್ನು ಹತ್ತು ವರ್ಷದ ನನ್ನ ಮೊಮ್ಮಗಳಿಗೆ ಹೇಳಿದೆ. ಗಾಜಿನ ಬೋಗುಣಿಯ ತಳದಲ್ಲಿ ಅವಳ ಮೀನು ಮಗ್ಗುಲಾಗಿ ಬಿದ್ದಿತ್ತು. ‘ಅದರ ಆಯುಷ್ಯ ಅಷ್ಟೇ ಇತ್ತು ಮಗು’ ಎಂದೆ. ಮಗು ನಂಬಿದಳು. ನನಗೆ ಮಾತ್ರ ಅಂದು ರಾತ್ರಿ ನಿದ್ರೆ ಬರಲಿಲ್ಲ.

ಒಂದು ಮೀನಿನ ಸಾವನ್ನು ಕುರಿತು ಇಷ್ಟು ಬರೆಯಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಮೀನು ನಮ್ಮಂತೆಯೇ ಪಂಚೇಂದ್ರಿಯ ಜೀವಿ ಎಂಬುದನ್ನು ಬಾಲ್ಯದಿಂದಲೇ ಕಲಿತ ಓದುಗರು ಹಾಗೆ ಭಾವಿಸಲಾರರೆಂದು ನಂಬಿ ಬರೆಯುತ್ತಿದ್ದೇನೆ.

ಆ ಮೀನು ನಮ್ಮ ಮನೆಗೆ ಬಂದದ್ದು ೨೦೨೨ರ ನವೆಂಬರಿನಲ್ಲಿ, ಮೊಮ್ಮಗಳ ಹುಟ್ಟುಹಬ್ಬದ ಉಡುಗೊರೆಯಾಗಿ. ಅಂಗಡಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ಲೋಟಗಳಲ್ಲಿ ಒಂದೊಂದರಂತೆ ಇಟ್ಟಿದ್ದ ಮೀನುಗಳಲ್ಲಿ ಕಡುನೀಲಿ ಬಣ್ಣದ ಇದನ್ನು ಅವಳೇ ಆರಿಸಿದಳು. ಹೆಸರು ‘ನೀಲ’ ಎಂದಿಟ್ಟಳು. ಜನ ಇದನ್ನು ಫೈಟರ್ ಮೀನು ಎನ್ನುತ್ತಾರೆ. ಇನ್ನೊಂದು ಹೆಸರು ಬೆಟ್ಟಾ. ‘ಬೆಟ್ಟಕ್ಕೂ ಮೀನಿಗೂ ಏನು ತಾತ ಸಂಬಂಧ?’ ಎಂದು ಅವಳು ಕೇಳಿದಾಗ ಮನೆಮಂದಿಯೆಲ್ಲ ನಕ್ಕಿದ್ದೆವು. ನಾಲ್ಕೇ ಲೀಟರ್ ನೀರು ಹಿಡಿಯುವ ಬೋಗುಣಿಯೊಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ವಾರಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿ ನಲ್ಲಿಯ ಹೊಸ ನೀರು ತುಂಬುತ್ತಿದ್ದೆವು. ಅವಳು ಶಾಲೆಯಿಂದ ಬಂದೊಡನೆ ನೀಲ ಗಾಜಿನ ಬಳಿಗೆ ಈಜಿ ಬಂದು ಅವಳ ಬೆರಳನ್ನು ಹಿಂಬಾಲಿಸುತ್ತಿತ್ತು. ನೆಂಟರು ಬಂದಾಗ ನಾವು ಬೋಗುಣಿಯ ಪಕ್ಕದಲ್ಲಿ ಕನ್ನಡಿ ಹಿಡಿಯುತ್ತಿದ್ದೆವು. ತನ್ನ ಪ್ರತಿಬಿಂಬವನ್ನೇ ಶತ್ರುವೆಂದು ಬಗೆದು ಅದು ಕಿವಿರನ್ನು ಅರಳಿಸಿ, ರೆಕ್ಕೆಗಳನ್ನು ಬಿಚ್ಚಿ ಏರಿಬರುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಒಂದು ಪ್ರಾಣಿಯ ಕ್ರೋಧವನ್ನು ಕೆರಳಿಸಿ ವಿನೋದಪಡುವುದು ಎಂತಹ ಪರಿಣಾಮವೆಂದು ಆಗ ನನಗೆ ಹೊಳೆಯಲಿಲ್ಲ.

ಈ ಮೀನಿನ ತಾಯ್ನಾಡು ಥಾಯ್ಲೆಂಡ್. ಅಲ್ಲಿನ ಬತ್ತದ ಗದ್ದೆಗಳ, ಜವುಗು ನೆಲಗಳ ಬೆಚ್ಚನೆಯ ನಿಂತ ನೀರೇ ಇದರ ಸಹಜ ನೆಲೆ. ಅಲ್ಲಿನ ಭಾಷೆಯಲ್ಲಿ ಇದರ ಹೆಸರಿಗೆ ‘ಕಚ್ಚುವ ಮೀನು’ ಎಂದರ್ಥ. ಗಂಡುಗಳನ್ನು ಕಾದಾಡಲು ಬಿಟ್ಟು ಪಣ ಕಟ್ಟುವ ದುರ್ವ್ಯಸನ ಅಲ್ಲಿ ಬಹುಕಾಲದಿಂದ ಇದೆ. ೨೦೧೯ರಲ್ಲಿ ಆ ದೇಶದ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಕಾಡು ಮೀನಿನ ಬಣ್ಣ ಮಂಕು, ರೆಕ್ಕೆ ಗಿಡ್ಡ. ಅಂಗಡಿಯಲ್ಲಿ ಕಾಣುವ ಉದ್ದನೆಯ ರೇಷ್ಮೆಯಂತಹ ರೆಕ್ಕೆಗಳು ಮನುಷ್ಯರು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಫಲ. ಗಂಡು ಮೀನು ಬಾಯಿಂದ ಗುಳ್ಳೆಗಳನ್ನು ಬಿಟ್ಟು ನೀರಿನ ಮೇಲೆ ಗೂಡು ಕಟ್ಟಿ, ಮೊಟ್ಟೆಗಳನ್ನು ಅದರಲ್ಲಿರಿಸಿ ತಾನೇ ಕಾಯುತ್ತದೆ. ಕಾದಾಟಕ್ಕೆ ಹೆಸರಾದ ಈ ಜೀವಿಯಲ್ಲಿ ಅಷ್ಟು ವಾತ್ಸಲ್ಯವೂ ಇದೆ.

ಈ ಮೀನಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೊಂದು ತಲೆಯೊಳಗೆ ಇದೆ. ಆದ್ದರಿಂದಲೇ ಲೋಟದಷ್ಟು ನೀರಿನಲ್ಲಿಯೂ ಅದು ಕೂಡಲೇ ಸಾಯುವುದಿಲ್ಲ. ಸಾಯದಿರುವುದನ್ನೇ ನಾವು ಸುಖವೆಂದು ತಿಳಿದೆವು. ವಾಸ್ತವದಲ್ಲಿ ಅದಕ್ಕೆ ಹದಿನೈದು ಇಪ್ಪತ್ತು ಲೀಟರಾದರೂ ನೀರು, ೨೪ರಿಂದ ೨೮ ಡಿಗ್ರಿಯ ಉಷ್ಣತೆ, ನೀರನ್ನು ಶುದ್ಧೀಕರಿಸುವ ಸಾಧನ ಬೇಕು. ಮೀನು ವಿಸರ್ಜಿಸುವ ಅಮೋನಿಯಾ ಅದಕ್ಕೇ ವಿಷ. ಶೋಧಕದಲ್ಲಿ ನೆಲೆಸುವ ಸೂಕ್ಷ್ಮಾಣುಗಳು ಆ ವಿಷವನ್ನು ಕ್ರಮವಾಗಿ ಸೌಮ್ಯಗೊಳಿಸುತ್ತವೆ. ಬರಿಯ ಬೋಗುಣಿಯಲ್ಲಿ ಅದು ದಿನದಿನಕ್ಕೂ ಸಂಚಯವಾಗುತ್ತದೆ. ಒಮ್ಮೆಲೇ ನೀರೆಲ್ಲವನ್ನೂ ಬದಲಾಯಿಸಿದರೆ ಉಷ್ಣತೆಯ ಏರುಪೇರು, ನಲ್ಲಿಯ ನೀರಿನ ಕ್ಲೋರಿನ್ ಬೇರೆ ಬಾಧೆ ಕೊಡುತ್ತವೆ. ಚೆನ್ನಾಗಿ ನೋಡಿಕೊಂಡರೆ ಈ ಮೀನು ಎರಡರಿಂದ ನಾಲ್ಕು ವರ್ಷ, ಅಪರೂಪಕ್ಕೆ ಐದು ವರ್ಷ ಬದುಕುತ್ತದೆ. ಅಂಗಡಿಯಲ್ಲಿ ಮಾರುವಾಗಲೇ ಅದಕ್ಕೆ ಆರು ತಿಂಗಳೋ ವರ್ಷವೋ ಆಗಿರುವುದರಿಂದ ನಮ್ಮ ಪಾಲಿಗೆ ದೊರೆಯುವ ಕಾಲ ಇನ್ನೂ ಕಡಿಮೆ. ಇದಿಷ್ಟನ್ನೂ ನಾನು ಓದಿ ತಿಳಿದುಕೊಂಡದ್ದು ಅದು ಸತ್ತ ಮೇಲೆ.

೨೦೨೩ರ ಬೇಸಗೆಯಲ್ಲಿ ನಾವು ವರಂಗದ ಕೆರೆ ಬಸದಿಯ ದರ್ಶನಕ್ಕೆ ಹೋಗಿದ್ದೆವು. ದಾರಿಯಲ್ಲಿ ಮೊಮ್ಮಗಳಿಗೆ ಮೃಗಸೇನನ ಕಥೆ ಹೇಳಿದೆ. ಬಲೆಗೆ ಮೊದಲು ಬೀಳುವ ಮೀನನ್ನು ಬಿಟ್ಟುಬಿಡುವೆನೆಂದು ಮುನಿಗಳಲ್ಲಿ ವ್ರತ ತೊಟ್ಟ ಆ ಬೆಸ್ತ, ಮೊದಲ ಮೀನಿಗೆ ಬಟ್ಟೆಯ ಚೂರೊಂದನ್ನು ಗುರುತಾಗಿ ಕಟ್ಟಿ ನದಿಗೆ ಬಿಟ್ಟ. ಅಂದು ಎಷ್ಟು ಸಲ ಬಲೆ ಬೀಸಿದರೂ ಅದೇ ಮೀನು ಬಂತು. ಪ್ರತಿ ಸಲವೂ ಬಿಟ್ಟ. ಬರಿಗೈಯಲ್ಲಿ ಮರಳಿದವನಿಗೆ ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತ. ಮರುಜನ್ಮದಲ್ಲಿ ಅವನಿಗೊದಗಿದ ಮೃತ್ಯುಗಳೆಲ್ಲ ಆ ಮೀನನ್ನು ಬಿಟ್ಟಷ್ಟೇ ಸಲ ತಪ್ಪಿದವು. ಬಸದಿಗೆ ದೋಣಿಯಲ್ಲಿ ಸಾಗುವಾಗ ಮಗು ನೀರನ್ನೇ ನೋಡುತ್ತ ಕೇಳಿದಳು: ‘ತಾತ, ನೀಲನನ್ನೂ ಇಲ್ಲಿ ತಂದು ಬಿಡೋಣವೇ?’

ನಾನು ಬೇಡವೆಂದೆ. ಹಾಗೆಂದದ್ದು ಸರಿಯೇ. ಮೃಗಸೇನನ ಮೀನಿಗೆ ತನ್ನ ನದಿಯಿತ್ತು. ನೀಲನಿಗೆ ಈ ನಾಡಿನಲ್ಲಿ ತನ್ನದೆನ್ನುವ ನೀರಿರಲಿಲ್ಲ. ಭಾರವಾದ ಆ ರೆಕ್ಕೆಗಳನ್ನು ಹೊತ್ತು ಅದು ಬೇಟೆಗಾರ ಮೀನುಗಳಿಂದ ತಪ್ಪಿಸಿಕೊಳ್ಳಲಾರದು. ಪರದೇಶದ ಜೀವಿ ಉಳಿದು ಬೆಳೆದರೆ ಕೆರೆಯ ಸ್ವಂತ ಮೀನುಗಳಿಗೆ ಕೇಡು. ಒಮ್ಮೆ ಹೀಗೆ ಬಂಧನಕ್ಕೆ ತಂದ ಜೀವಿಯನ್ನು ಬಿಡುವುದೂ ಹಿಂಸೆ, ಇಡುವುದೂ ಹಿಂಸೆ. ಆದರೆ ‘ಬಿಡುವುದು ಸಾಧ್ಯವಿಲ್ಲ’ ಎಂದಷ್ಟೇ ಹೇಳಿ ನಾನು ಸುಮ್ಮನಾದೆ. ಬಿಡಲಾಗದಿದ್ದರೆ ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕಲ್ಲವೇ ಎಂಬ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಳ್ಳಲಿಲ್ಲ.

ಆ ವರ್ಷದ ಡಿಸೆಂಬರಿನ ಕೊನೆಯಲ್ಲಿ ಮನೆಮಂದಿಯೆಲ್ಲ ಸಮ್ಮೇದಶಿಖರಜಿಯ ಯಾತ್ರೆಗೆ ಹೊರಟೆವು. ಇಪ್ಪತ್ತು ಮಂದಿ ತೀರ್ಥಂಕರರು ನಿರ್ವಾಣ ಹೊಂದಿದ ಆ ಪರ್ವತದ ವಂದನೆ ನನ್ನ ಬಹುಕಾಲದ ಹಂಬಲವಾಗಿತ್ತು. ಹೋಗಿಬರಲು ಹನ್ನೆರಡು ದಿನ. ನೀಲನಿಗೆ ಆಹಾರ ಹಾಕಲು ನೆರೆಮನೆಯ ತಾಯಿಯೊಬ್ಬರಿಗೆ ಹೇಳಿ ಬೀಗದ ಕೈ ಕೊಟ್ಟೆ. ಎಷ್ಟು ಕಾಳು ಹಾಕಬೇಕೆಂದು ಹೇಳಲಿಲ್ಲ. ನೀರಿನ ವಿಷಯವನ್ನು ಪ್ರಸ್ತಾಪಿಸಲೇ ಇಲ್ಲ. ಆ ತಾಯಿ ಮೀನು ಹಸಿಯಬಾರದೆಂದು ದಿನಕ್ಕೆರಡು ಬಾರಿ ಚಿಟಿಕೆ ತುಂಬ ಹಾಕಿದರು. ಅವರದು ಅನುಕಂಪೆ; ತಪ್ಪು ನನ್ನದು. ಹಾಸನದ ಆ ಚಳಿಯಲ್ಲಿ ಕಿಟಕಿಯ ಬಳಿ, ತಿನ್ನದೆ ಉಳಿದ ಕಾಳು ಕೊಳೆತ ನೀರಿನಲ್ಲಿ ಅದು ಹನ್ನೆರಡು ದಿನ ಕಳೆಯಿತು. ನಾವು ಮರಳಿದಾಗ ನೀರು ಕದಡಿತ್ತು. ಮೀನಿನ ಹೊಟ್ಟೆ ಉಬ್ಬಿ, ಹುರುಪೆಗಳು ಎದ್ದು ನಿಂತಿದ್ದವು. ಜಲೋದರದಂತಹ ಈ ಸ್ಥಿತಿ ಬಂದ ಮೀನು ಉಳಿಯುವುದು ವಿರಳ. ಐದನೆಯ ದಿನ ಅದು ಪ್ರಾಣ ಬಿಟ್ಟಿತು. ಕೊನೆಯ ರಾತ್ರಿ ನನ್ನ ಪತ್ನಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜೀವಂಧರಸ್ವಾಮಿ ಸಾಯುತ್ತಿದ್ದ ನಾಯಿಗೆ ಮಂತ್ರ ಕೇಳಿಸಿದ್ದನ್ನು ನೆನಪಿಸಿ, ಬೋಗುಣಿಯ ಬಳಿ ಪಂಚನಮಸ್ಕಾರ ಮಂತ್ರವನ್ನು ಜಪಿಸಿದಳು.

ಮರುದಿನ ಬೆಳಗ್ಗೆ ನಾನು ಆಡಿದ ಮಾತೇ ಈ ಲೇಖನದ ಆರಂಭದಲ್ಲಿರುವುದು. ಅಂದಿನ ರಾತ್ರಿ ನಿದ್ರೆ ಬಾರದೆ ತತ್ತ್ವಾರ್ಥಸೂತ್ರದ ವ್ಯಾಖ್ಯಾನವನ್ನು ತೆರೆದೆ. ಎರಡನೆಯ ಅಧ್ಯಾಯದ ಕೊನೆಯಲ್ಲಿ ಆಯುಷ್ಯದ ವಿಚಾರ ಬರುತ್ತದೆ. ದೇವನಾರಕರು, ಚರಮೋತ್ತಮ ದೇಹಿಗಳು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳವರು - ಇವರ ಆಯುಷ್ಯ ಅನಪವರ್ತ್ಯ. ಹೊರಗಿನ ನಿಮಿತ್ತಗಳಿಂದ ನಡುವೆ ಕಡಿಯುವುದಿಲ್ಲ. ಉಳಿದ ಮನುಷ್ಯರಿಗೂ ತಿರ್ಯಂಚರಿಗೂ ಈ ನಿಯಮವಿಲ್ಲ. ಕಡಿದ ಬಾಳೆಯ ಗಿಡದಂತೆ ಅಕಾಲದಲ್ಲಿ ಬೀಳುವ ಇಂತಹ ಸಾವನ್ನು ಕದಳೀಘಾತ ಮರಣವೆನ್ನುತ್ತಾರೆ. ಅದಕ್ಕೆ ಕಾರಣಗಳನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಎಣಿಸಿದ್ದಾರೆ: ವಿಷ, ವೇದನೆ, ಭಯ, ಶಸ್ತ್ರ, ಸಂಕ್ಲೇಶ, ಆಹಾರ ಮತ್ತು ಉಸಿರಿನ ನಿರೋಧ ಮೊದಲಾದವು. ಪಟ್ಟಿಯನ್ನು ಓದುತ್ತ ಹೋದಂತೆ ನಮ್ಮ ಕಿಟಕಿಯ ಕಟ್ಟೆ ಕಣ್ಣಮುಂದೆ ಬಂತು. ವಿಷ ಆ ನೀರಿನಲ್ಲಿತ್ತು. ಭಯವೂ ಸಂಕ್ಲೇಶವೂ ಕನ್ನಡಿಯಲ್ಲಿದ್ದವು. ಯಾವ ಸಿದ್ಧಾಂತದ ಮರೆಯಲ್ಲಿ ನಾನು ನಿಂತಿದ್ದೆನೋ ಆ ಸಿದ್ಧಾಂತವೇ ನನ್ನ ಮಾತನ್ನು ಅಲ್ಲಗಳೆಯಿತು.

ನನ್ನ ತಾಯಿ ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಇಂದಿಗೂ ನಮ್ಮ ಮನೆಯಲ್ಲಿ ಸೋಸದೆ ನೀರು ಕುಡಿಯುವುದಿಲ್ಲ. ಆ ಸೋಸುವ ಬಟ್ಟೆ ಒಣಗುತ್ತಿದ್ದ ಕಿಟಕಿಯ ಕೆಳಗೇ, ಕಣ್ಣಿಗೆ ಕಾಣುವ ಪಂಚೇಂದ್ರಿಯ ಜೀವಿಯೊಂದು ಹದಿನಾಲ್ಕು ತಿಂಗಳು ತನ್ನ ಮಲದ ನೀರಿನಲ್ಲಿ ಬಾಳಿತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ದನಕರುಗಳ ವಿಷಯದಲ್ಲಿ ಇವನ್ನು ನೆನೆಯುವ ನಾವು ಗಾಜಿನ ಬೋಗುಣಿಯ ವಿಷಯದಲ್ಲಿ ನೆನೆಯುವುದಿಲ್ಲ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಮುಂದಿರಿಸಿದ್ದು ಪ್ರಮಾದವನ್ನು. ನನ್ನಲ್ಲಿ ದ್ವೇಷವಿರಲಿಲ್ಲ, ಕೊಲ್ಲುವ ಸಂಕಲ್ಪವಿರಲಿಲ್ಲ, ಪ್ರಮಾದವಿತ್ತು.

ಬೆಳಗ್ಗೆ ಮೊಮ್ಮಗಳನ್ನು ಕರೆದು ಹೇಳಿದೆ: ‘ಮಗು, ನಿನ್ನೆ ನಾನು ಹೇಳಿದ್ದು ಪೂರ್ತಿ ನಿಜವಲ್ಲ. ನೀಲ ಇನ್ನೂ ಒಂದೆರಡು ವರ್ಷ ಬದುಕಬಹುದಿತ್ತು. ಹೇಗೆ ಸಾಕಬೇಕೆಂದು ನಾನು ವಿಚಾರಿಸಲಿಲ್ಲ. ತಪ್ಪು ದೊಡ್ಡವರದು, ನಿನ್ನದಲ್ಲ. ನನ್ನನ್ನು ಕ್ಷಮಿಸು.’

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, ‘ನಾನೂ ಕನ್ನಡಿ ತೋರಿಸುತ್ತಿದ್ದೆನಲ್ಲ ತಾತ’ ಎಂದು ಅಳತೊಡಗಿದಳು. ಹಿಂದಿನ ದಿನ ಅವಳು ಅತ್ತಿರಲಿಲ್ಲ. ಇಬ್ಬರೂ ಸೇರಿ ಹಿತ್ತಲ ಒಣನೆಲದಲ್ಲಿ, ಇರುವೆಗಳಿಲ್ಲದ ಕಡೆ ನೋಡಿ, ಸಣ್ಣ ಗುಂಡಿ ಮಾಡಿ ಮೀನನ್ನು ಮಣ್ಣು ಮಾಡಿದೆವು. ದಶಲಕ್ಷಣ ಪರ್ವದ ಕೊನೆಯಲ್ಲಿ ಎಲ್ಲ ಜೀವಿಗಳಲ್ಲಿಯೂ ಕ್ಷಮೆ ಬೇಡುವ ಪಾಠವನ್ನು ಅವಳು ಆಗಲೇ ಕಲಿತಿದ್ದಳು. ಅಂದು ಒಂದೇ ಜೀವಿಯ ಹೆಸರು ಹಿಡಿದು ಹೇಳಿದಳು. ನಾನೂ ಹೇಳಿದೆ. ಇಷ್ಟು ವರ್ಷ ಆ ಪಾಠವನ್ನು ಹೇಳಿದ್ದರೂ ಯಾರಲ್ಲಿ, ಯಾವುದಕ್ಕಾಗಿ ಕ್ಷಮೆ ಬೇಡುತ್ತಿದ್ದೇನೆಂದು ಸ್ಪಷ್ಟವಾಗಿ ತಿಳಿದು ಹೇಳಿದ್ದು ಅದೇ ಮೊದಲು.

ಪ್ರಿಯವಾದುದರ ಅಗಲಿಕೆಯನ್ನೇ ಮತ್ತೆ ಮತ್ತೆ ಚಿಂತಿಸಿ ಕೊರಗುವುದು ಇಷ್ಟವಿಯೋಗಜ ಆರ್ತಧ್ಯಾನವೆಂದೂ ಅದನ್ನು ಬಿಡಬೇಕೆಂದೂ ಆಚಾರ್ಯರು ಹೇಳುತ್ತಾರೆ. ಇದನ್ನು ನೆಪಮಾಡಿ ಅಳುವ ಮಗುವಿಗೆ ‘ಬರಿಯ ಮೀನಿಗೆ ಅಳುತ್ತಾರೆಯೇ’ ಎಂದು ಗದರಿಸುವುದು ಸಲ್ಲದು. ಅದೇ ಬಣ್ಣದ ಇನ್ನೊಂದು ಮೀನನ್ನು ಗುಟ್ಟಾಗಿ ತಂದು ಬಿಡುವುದಂತೂ ಮಗುವಿಗೆ ಅಸತ್ಯವನ್ನೂ, ಒಂದು ಜೀವಕ್ಕೆ ಇನ್ನೊಂದು ಜೀವ ಬದಲಿಯೆಂಬ ಭಾವನೆಯನ್ನೂ ಕಲಿಸಿದಂತೆ. ನಡೆದುದನ್ನು ಹೇಳಬೇಕು, ಕ್ಷಮೆ ಬೇಡಬೇಕು, ಮುಂದೆ ಹಾಗೆ ಮಾಡೆನೆಂಬ ನಿಯಮ ತೊಡಬೇಕು. ಪ್ರತಿಕ್ರಮಣದ ದಾರಿಯೇ ಇದು. ನಮ್ಮ ಮನೆಯಲ್ಲಿ ದುಃಖ ಕರಗಿದ್ದು ಈ ದಾರಿಯಿಂದ. ಅನಿತ್ಯಭಾವನೆ ನಮ್ಮ ಮೋಹಕ್ಕೆ ಹೇಳಿದ ಮದ್ದು. ನಮ್ಮ ಪ್ರಮಾದವನ್ನು ಮುಚ್ಚುವ ಹೊದಿಕೆಯಾಗಿ ಅದನ್ನು ಬಳಸಬಾರದು.

ಗೃಹಸ್ಥ ಬಂಧುಗಳಲ್ಲಿ ಒಂದು ಬಿನ್ನಹ. ಹುಟ್ಟುಹಬ್ಬಕ್ಕೆ ಜೀವಿಯನ್ನು ಉಡುಗೊರೆ ಕೊಡುವ ರೂಢಿ ಬೇಡ. ಈ ಮೀನು ಮಾಂಸಾಹಾರಿ; ಹುಳುವನ್ನೋ ಮೀನಿನ ಪುಡಿ ಬೆರೆತ ಕಾಳನ್ನೋ ತಿಂದೇ ಬದುಕಬೇಕು. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಸೇರಿಸಿದ ಹಿರಿಯರ ದೃಷ್ಟಿ ಇಲ್ಲಿಯೂ ಅನ್ವಯಿಸುತ್ತದೆ. ಈಗಾಗಲೇ ಮನೆಯಲ್ಲಿದ್ದರೆ ಅದರ ಸಹಜ ಆಯುಷ್ಯ ಪೂರ್ತಿಯಾಗುವಂತೆ ನೋಡಿಕೊಳ್ಳುವುದೇ ಧರ್ಮ. ಟ್ರಸ್ಟುಗಳ ಹಿರಿಯರಲ್ಲಿಯೂ ಒಂದು ಕೋರಿಕೆ: ಯಾತ್ರಿನಿವಾಸಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಶೋಭೆಗಾಗಿ ಮೀನಿನ ತೊಟ್ಟಿ ಇರಿಸಬೇಡಿ, ಮನೆಯಲ್ಲಿ ಬೇಡವಾದ ಮೀನುಗಳನ್ನು ಪುಣ್ಯವೆಂದು ಬಸದಿಯ ಕೆರೆಕೊಳಗಳಿಗೆ ತಂದು ಬಿಡುವವರನ್ನು ತಡೆಯಿರಿ. ತೊಟ್ಟಿಗಳಿಂದ ಹೀಗೆ ಹೊರಬಿದ್ದ ಸಕ್ಕರ್ ಮೀನುಗಳು ದೇಶದ ಹಲವು ಕೆರೆಗಳಲ್ಲಿ ಹರಡಿಕೊಂಡಿವೆ.

‘ಇನ್ನೊಂದು ಮೀನು ತರೋಣವೇ?’ ಎಂದು ಕೆಲವು ತಿಂಗಳ ಬಳಿಕ ಮಗ ಕೇಳಿದಾಗ ಮೊಮ್ಮಗಳು ತಲೆಯಾಡಿಸಿ ಬೇಡವೆಂದಳು. ಬೋಗುಣಿಯನ್ನು ತೊಳೆದು ಅಟ್ಟಕ್ಕೆ ಹಾಕಿದ್ದೇವೆ. ಅದಿದ್ದ ಕಿಟಕಿಯ ಹೊರಗಟ್ಟೆಯಲ್ಲಿ ಈಗ ಮಣ್ಣಿನ ತಟ್ಟೆಯೊಂದಿದೆ. ಅವಳು ದಿನವೂ ಸೋಸಿದ ನೀರನ್ನು ಅದಕ್ಕೆ ತುಂಬುತ್ತಾಳೆ. ಗುಬ್ಬಿಗಳು ಬಂದು ಕುಡಿದು, ತಮಗೆ ಬೇಕಾದಾಗ ಹಾರಿಹೋಗುತ್ತವೆ.