ವ್ಯಾಯಾಮಕ್ಕೊಂದು ಮನೆಪಾಠ

ಮನೆಪಾಠವೆಂದರೆ ನಮಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಚನ್ನಗಿರಿ, ಜಗಳೂರು, ನ್ಯಾಮತಿಗಳ ಶಾಲೆಗಳಲ್ಲಿ ಸಂಸ್ಕೃತ ಕನ್ನಡಗಳನ್ನು ಕಲಿಸಿ, ಅರವತ್ತು ತುಂಬಿದ ಮೇಲೆ ನಿವೃತ್ತರಾಗಿ ಹೊನ್ನಾಳಿಯಲ್ಲಿ ತುಂಗಭದ್ರೆಯ ದಡಕ್ಕೆ ಸಮೀಪವಾಗಿ ಮನೆಮಾಡಿಕೊಂಡಿರುವ ನಾವು, ಸೇವೆಯಲ್ಲಿದ್ದಷ್ಟು ಕಾಲವೂ ಹಣ ತೆಗೆದುಕೊಂಡು ಒಬ್ಬ ಹುಡುಗನಿಗೂ ಮನೆಯಲ್ಲಿ ಪಾಠ ಹೇಳಿದವರಲ್ಲ. ಮಗ್ಗುಲಲ್ಲಿ ಮೇಷ್ಟರಿದ್ದರೆ ಮಾತ್ರ ಓದುವ ಹುಡುಗನು, ಅವರು ಎದ್ದುಹೋದೊಡನೆ ಪುಸ್ತಕವನ್ನು ಮುಚ್ಚುವನೆಂಬುದು ನಮ್ಮ ಸಿದ್ಧಾಂತವಾಗಿತ್ತು. ಇಂತಹ ನಾವೇ ಈಗ ದೇಹಕ್ಕೆ ಮನೆಪಾಠ ಹೇಳಿಸಿಕೊಂಡೆವೆಂದರೆ ವಾಚಕರು ನಗಬಹುದು. ನಕ್ಕ ಮೇಲೆ ಕಾರಣವನ್ನೂ ಕೇಳಬೇಕೆಂದು ನಮ್ಮ ಪ್ರಾರ್ಥನೆ.

ಕಳೆದ ಶ್ರಾವಣದ ಒಂದು ರಾತ್ರಿ ನಮ್ಮ ಮನೆಯವರು ಬಚ್ಚಲಲ್ಲಿ ಜಾರಿ ಬಿದ್ದರು. ದೈವಕೃಪೆಯಿಂದ ಮೂಳೆಗೆ ಏನೂ ಆಗಲಿಲ್ಲ. ಆದರೆ ಅವರನ್ನು ಎತ್ತಲೆಂದು ಬಗ್ಗಿದ ನಮಗೆ, ಅವರನ್ನೆತ್ತುವುದಿರಲಿ, ನಾವು ಏಳುವುದೇ ಕಷ್ಟವಾಯಿತು. ನೆರೆಮನೆಯ ಹುಡುಗರನ್ನು ಕೂಗಿ ಕರೆಯಬೇಕಾಯಿತು. ಮೂವತ್ತೈದು ವರ್ಷ ಸಂಸಾರಭಾರವನ್ನು ಹೊತ್ತವರನ್ನು ಒಂದು ಗಳಿಗೆ ಹೊರಲಾರದ ತೋಳು ನಮ್ಮದೆಂದು ತಿಳಿದ ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಮೊದಲು ಖರ್ಚಿಲ್ಲದ ದಾರಿಯನ್ನೇ ಹಿಡಿದೆವು. ಮೊಬೈಲಿನ ವಿಡಿಯೋ ನೋಡಿ ಬಸ್ಕಿ ಹೊಡೆಯತೊಡಗಿದೆವು. ಐದನೆಯ ದಿನ ಸೊಂಟ ಹಿಡಿದು ಹತ್ತು ದಿನ ಹಾಸಿಗೆಯಾಯಿತು. ಸುದ್ದಿ ತಿಳಿದ ಮಗನು ಬೆಂಗಳೂರಿನಿಂದ, “ಪರ್ಸನಲ್ ಟ್ರೈನರ್ ಒಬ್ಬರನ್ನು ಇಟ್ಟುಕೊಳ್ಳಿ” ಎಂದನು. ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದ ತರುಣನೊಬ್ಬನು ನ್ಯಾಮತಿಯಿಂದ ವಾರಕ್ಕೆ 3 ದಿನ ಬರಲು ಒಪ್ಪಿದನು. ತಿಂಗಳಿಗೆ 4,000 ರೂಪಾಯಿ. “ಆ ಹಣಕ್ಕೆ ಎರಡು ತಿಂಗಳ ಹಾಲು ಬರುತ್ತದೆ” ಎಂದರು ಮನೆಯವರು. ಮಾತು ನಿಜವೇ ಆಗಿತ್ತು.

ಆದುದರಿಂದ ಯೋಚನೆಗೆ ಕುಳಿತೆವು. ನಮ್ಮ ಸೀಮೆಗೆ ದೇಹಸಾಧನೆ ಹೊಸದಲ್ಲ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಯನ್ನು ಅರಿಯದವರಾರು? ಗರಡಿಯಲ್ಲಿ ಕೆಮ್ಮಣ್ಣಿನಷ್ಟೇ ಉಸ್ತಾದನ ಕಣ್ಣೂ ಮುಖ್ಯ. 1997ರವರೆಗೆ ನಮ್ಮ ಜಗಳೂರು ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು, 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಬರೆದರು, ಆದರೂ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಶಿಷ್ಯರನ್ನು ಎದುರಿಗೆ ನಿಲ್ಲಿಸಿಕೊಂಡೇ ಕಲಿಸಿದರು. ‘ಶಾಂತಲಾ’ ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಅವರು ದೂರದವರಿಗೆ ಅಂಚೆಯ ಮೂಲಕ ವ್ಯಾಯಾಮಪಾಠಗಳನ್ನು ಕಳುಹಿಸುತ್ತಿದ್ದರು. ಜತೆಗೆ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನೂ ನಡೆಸಿದರು. ಏತಕ್ಕೆಂದರೆ, ಪುಸ್ತಕವು ಓದುಗನ ಮೊಣಕಾಲನ್ನು ನೋಡಲಾರದು. ಮೊಬೈಲೂ ಅಷ್ಟೆ.

ಆಯುರ್ವೇದವು ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡತಕ್ಕದ್ದೆಂದು ವಿಧಿಸುತ್ತದೆ. ಹಣೆಯಲ್ಲಿ ಬೆವರು ಮೂಡಿ, ಉಸಿರು ಬಾಯಿಗೆ ಬಂದರೆ ಅದೇ ಮೇರೆ. ಈ ಶ್ಲೋಕವನ್ನು ಎಷ್ಟೋ ಸಲ ಹುಡುಗರಿಗೆ ಅರ್ಥಮಾಡಿಸಿದ್ದೆವು. ಆದರೆ ನಮ್ಮ ಅರ್ಧ ಎಲ್ಲಿದೆಯೆಂಬುದು ನಮಗೇ ತಿಳಿದಿರಲಿಲ್ಲ.

ಮೂರು ತಿಂಗಳಿಗೆಂದು ಗೊತ್ತುಮಾಡಿದೆವು. ಮೊದಲನೆಯ ದಿನ ತರುಣನು ಕಸರತ್ತನ್ನೇ ಮಾಡಿಸಲಿಲ್ಲ. ರಕ್ತದೊತ್ತಡದ ಮಾತ್ರೆಯ ವಿಷಯ ಕೇಳಿ, ವೈದ್ಯರ ಅಭಿಪ್ರಾಯ ತರಹೇಳಿ, ಕುರ್ಚಿಯಿಂದ ಹೇಗೆ ಏಳುತ್ತೇವೆಂಬುದನ್ನು ನೋಡಿದನು. “ಸೊಂಟದ ಕೀಲಿನಲ್ಲಿ ಬಗ್ಗಬೇಕು ಸಾರ್, ನೀವು ಬೆನ್ನನ್ನು ಬಗ್ಗಿಸುತ್ತೀರಿ” ಎಂದನು. ಅರವತ್ತು ವರ್ಷದ ತಪ್ಪು ಐದು ನಿಮಿಷದಲ್ಲಿ ಸಿಕ್ಕಿಬಿತ್ತು. “ನೀನು ಬರುವುದನ್ನು ಯಾವಾಗ ನಿಲ್ಲಿಸುವೆಯಪ್ಪ?” ಎಂದೆವು. “ನಿಮ್ಮ ತಪ್ಪನ್ನು ನೀವೇ ಹಿಡಿದ ದಿನ” ಎಂದನು.

ಆ ಮಾತು ನಮ್ಮನ್ನು ಚುಚ್ಚಿತು. ಜಗಳೂರಿನಲ್ಲಿ ಒಬ್ಬ ರೈತನು, ಮಗನಿಗೆ ಸಂಸ್ಕೃತ ಹತ್ತದು, ಎರಡು ತಿಂಗಳು ಮನೆಯಲ್ಲಿ ಹೇಳಿಕೊಡಿರೆಂದು ಕೈಮುಗಿದಿದ್ದನು. ನಾವು ಸಿದ್ಧಾಂತವನ್ನು ಹೇಳಿ ಕಳುಹಿಸಿದೆವು. ಹುಡುಗನು ಆ ವರ್ಷ ಅನುತ್ತೀರ್ಣನಾಗಿ ಶಾಲೆಯನ್ನೇ ಬಿಟ್ಟನು. ಊರುಗೋಲನ್ನು ಜನ್ಮವೆಲ್ಲ ಹಿಡಿಯುವುದು ಬೇರೆ, ನಡೆಯಲು ಕಲಿಯುವಾಗ ಬೆರಳು ಹಿಡಿಯುವುದು ಬೇರೆ. ಈ ಭೇದವು ನಮಗೆ ಅಂದು ಹೊಳೆಯಲಿಲ್ಲ.

ಈಗ ನಮ್ಮ ತೀರ್ಮಾನವನ್ನು ಹೇಳಬಹುದು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಷ್ಟು ಶ್ರಮವನ್ನೂ, 2 ದಿನ ಸ್ನಾಯುಬಲದ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಇದರಲ್ಲಿ ಮೊದಲನೆಯದಕ್ಕೆ ಗುರು ಬೇಡ. ಹೊಳೆಯ ದಾರಿ ಸಾಕು. ಎರಡನೆಯದಕ್ಕೆ, ವಯಸ್ಸಾದವರಿಗೂ ಸೊಂಟ ಮೊಣಕಾಲಿನ ತೊಂದರೆಯುಳ್ಳವರಿಗೂ ಆರಂಭದಲ್ಲಿ ಗುರು ಬೇಕು. ಆದರೆ ಮೊದಲ ದಿನವೇ ರೋಗದ ವಿಷಯ ಕೇಳದವನನ್ನೂ, ವರ್ಷದ ಹಣವನ್ನು ಮುಂಗಡವಾಗಿ ಕೇಳುವವನನ್ನೂ, ಡಬ್ಬಿಯ ಪುಡಿ ಮಾರುವವನನ್ನೂ ಬಾಗಿಲಿನಿಂದಲೇ ಕಳುಹಿಸತಕ್ಕದ್ದು. ನೋಡುವವರಿಲ್ಲದಿದ್ದರೆ ಮಾಡೆನೆಂಬ ಸೋಮಾರಿತನಕ್ಕೆ ಮಾತ್ರ ಯಾವ ಸಂಬಳದಿಂದಲೂ ಔಷಧವಿಲ್ಲ.

ನಮಗಾದ ಒಟ್ಟು ಖರ್ಚು 12,000 ರೂಪಾಯಿ. ತರುಣನು ಈಗ ಬರುವುದಿಲ್ಲ. ಬೆಳಿಗ್ಗೆ ನಾವು ನಡುಮನೆಯಲ್ಲಿ ಬಸ್ಕಿ ಎಣಿಸುವಾಗ ಮನೆಯವರೂ ಕುರ್ಚಿಯೆಳೆದುಕೊಂಡು ಪಕ್ಕದಲ್ಲಿ ಕೂತು ಏಳುತ್ತಾರೆ. ಮೊನ್ನೆ ಅವರು, “ಬೆನ್ನು ಬಗ್ಗುತ್ತಿದೆ ನೋಡಿ” ಎಂದು ನಮ್ಮ ತಪ್ಪನ್ನು ಹಿಡಿದರು. ಹಾಲಿನ ಲೆಕ್ಕದ ಮಾತನ್ನು ಮತ್ತೆ ಎತ್ತಲಿಲ್ಲ.