ನಡುವಿನ ಕುರ್ಚಿ

ನಮ್ಮ ಚಾವಡಿಯ ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದ ನಾಲ್ಕು ಗುರುತುಗಳು ಕೆಲವು ತಿಂಗಳು ಇದ್ದವು. ಬಂದವರೆಲ್ಲ ಅದೇನೆಂದು ಕೇಳುತ್ತಿದ್ದರು. ವಾಸ್ತು ನೋಡುವವರು ಹಾಕಿದ್ದೇ ಎಂದು ಒಬ್ಬರು, ಗೆದ್ದಲಿನ ಮದ್ದಿಗೆ ತೂತು ಕೊರೆಯುವ ಜಾಗವೇ ಎಂದು ಇನ್ನೊಬ್ಬರು. ಅದು ಕುರ್ಚಿಯ ನಾಲ್ಕು ಕಾಲುಗಳ ಜಾಗ, ಅಲ್ಲಿಂದ ಒಂದು ಗೇಣು ಆಚೀಚೆ ಆದರೂ ಹಾಡು ಕೆಡುತ್ತದೆ ಎಂದು ನಾನು ಹೇಳಿದರೆ, ಅವರು ನನ್ನ ಮುಖವನ್ನು ಒಮ್ಮೆ ನೋಡಿ ಮಾತು ಬದಲಿಸುತ್ತಿದ್ದರು. ಬ್ಯಾಂಕಿನ ಗುಮಾಸ್ತನಿಗೆ ಲೆಕ್ಕದ ಹುಚ್ಚು ಮನೆಗೂ ಬಂತು ಎಂದುಕೊಂಡಿರಬೇಕು.

ಹುಚ್ಚು ಹಿಡಿಸಿದವರು ನೆರೆಮನೆಯವರು. ಅವರನ್ನು ನಾವು ಚಿಕ್ಕಂದಿನಿಂದ ಇಚ್ಚ ಎಂದೇ ಕರೆಯುವುದು. ಇಪ್ಪತ್ತೈದು ವರ್ಷ ದುಬಾಯಿಯಲ್ಲಿ ದುಡಿದು 2021ರಲ್ಲಿ ಊರಿಗೆ ಮರಳಿದರು. ಹೊಸ ಮನೆಗೆ ಹೋಗುವಾಗ ಹಳೆಯ ಆಂಪ್ಲಿಫಯರು, ಕ್ಯಾಸೆಟ್ ಪ್ಲೇಯರು ಮತ್ತು ಮೊಣಕಾಲೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ನನ್ನ ಮುಂದಿಟ್ಟು, "ನಿನಗೆ ಪಾಟ್ಟಿನ ಮರುಳು ಉಂಟಲ್ಲ, ಕೊಂಡುಹೋಗು" ಎಂದರು. ಹಣ ಎಂದರೆ ಬೈದರು. ಅವರ ಮನೆಯಲ್ಲಿ ಅದೇ ಪೆಟ್ಟಿಗೆಗಳಿಂದ ಯೇಸುದಾಸರ ಸ್ವರ ಕೇಳುತ್ತ ಹಿತ್ತಿಲ ಕಟ್ಟಪುಣಿಯಲ್ಲಿ ನಿಂತ ಹುಡುಗ ನಾನು. ಯೇಸುದಾಸರು 1980ರಲ್ಲಿ ತಿರುವನಂತಪುರದಲ್ಲಿ ತರಂಗಿಣಿ ಸ್ಟುಡಿಯೊ ತೆರೆದ ಮೇಲೆ ಮಲಯಾಳದ ಹಾಡುಗಳ ಕ್ಯಾಸೆಟ್ಟು ನಮ್ಮ ಕಾಸರಗೋಡಿನ ಮೂಲೆಮೂಲೆಗೂ ಬಂದಿತ್ತು. ನಮ್ಮ ಮನೆಯಲ್ಲಿದ್ದದ್ದು ಒಂದೇ ಸ್ಪೀಕರಿನ ರೇಡಿಯೊ. ಮುಳ್ಳು ಒಂದು ಕಡೆಗೆ ತಿರುಗಿಸಿದರೆ ಮಂಗಳೂರು, ಇನ್ನೊಂದು ಕಡೆಗೆ ತಿರುಗಿಸಿದರೆ ಕೋಝಿಕ್ಕೋಡು. ಎರಡು ಭಾಷೆಗಳೂ ಒಂದೇ ತೂತಿನಿಂದ ಸರದಿಯಂತೆ ಬರುತ್ತಿದ್ದವು.

ಪೆಟ್ಟಿಗೆಗಳು ಬಂದ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಂದನ್ನು ಕಪಾಟಿನ ತಲೆಯ ಮೇಲೇರಿಸಿದೆ, ಇನ್ನೊಂದನ್ನು ಕಿಟಕಿಯ ಮೂಲೆಗೆ ತಳ್ಳಿದೆ. ಜಾಗ ಇದ್ದದ್ದು ಅಲ್ಲಿಯೇ. ಹಾಡು ಹಚ್ಚಿದೆ. ಅಪ್ಪ ಆರಾಮ ಕುರ್ಚಿಯಿಂದ ಕತ್ತೆತ್ತಿ, "ಎಂತ ಮಾರಾಯ ಇದು? ಭಾಗವತರು ಅಟ್ಟದಲ್ಲಿ, ಮದ್ದಳೆಯವ ಅಂಗಳದಲ್ಲಿ!" ಎಂದರು.

ಅಪ್ಪ ಹೇಳಿದರೆ ಅದು ಬಲ್ಲವರ ಮಾತು. ಶಾಲೆಯ ಮಾಸ್ತರಿಕೆಯ ಜೊತೆಗೆ ಮೂವತ್ತು ವರ್ಷ ಹವ್ಯಾಸಿ ಸಂಘದ ತಾಳಮದ್ದಳೆಗಳಲ್ಲಿ ಮದ್ದಳೆ ಬಾರಿಸಿದವರು. ಅವರ ಒಂದು ಮಾತಿನಿಂದ ನಾನು ಕಲಿಯತೊಡಗಿದೆ. ಓದಿದೆ, ತಿಳಿದವರನ್ನು ಕೇಳಿದೆ, ಉಳಿದದ್ದನ್ನು ಪೆಟ್ಟಿಗೆ ಹೊತ್ತು ಕಲಿತೆ.

ಮೊದಲ ಪಾಠ ತ್ರಿಕೋನದ್ದು. ಎರಡು ಪೆಟ್ಟಿಗೆಗಳ ನಡುವೆ ಎಷ್ಟು ದೂರವೋ, ಪ್ರತಿ ಪೆಟ್ಟಿಗೆಯಿಂದ ಕೇಳುವವನಿಗೂ ಹೆಚ್ಚುಕಡಿಮೆ ಅಷ್ಟೇ ದೂರ ಇರಬೇಕು. ನಾನು ಏಳಡಿಯ ಹುರಿಹಗ್ಗ ಕತ್ತರಿಸಿ, ಮಗಳನ್ನು ಒಂದು ತುದಿಯಲ್ಲಿ ನಿಲ್ಲಿಸಿ, ಮೂರು ಬದಿಗಳನ್ನೂ ಅಳೆದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರು ಓಡುತ್ತದೆ. ಒಂದು ಪೆಟ್ಟಿಗೆ ಒಂದಡಿ ಹೆಚ್ಚು ದೂರದಲ್ಲಿದ್ದರೆ ಅದರ ಸ್ವರ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ತಡವಾಗಿ ಬರುತ್ತದೆ. ಅಷ್ಟು ತಡ ಸಾಕು. ಮೊದಲು ತಲುಪಿದ ಕಡೆಯೇ ಹಾಡು ಇದೆ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ.

ಎರಡನೆಯದು ಎತ್ತರದ್ದು. ಪೆಟ್ಟಿಗೆಯಲ್ಲಿರುವ ಸಣ್ಣ ಸ್ಪೀಕರು ತಾಳದ ಝಣಝಣ, ಸ್ವರದ ಮೊನೆ ಮೊದಲಾದುವನ್ನು ಕೊಡುವಂಥದು. ಅದು ಕುಳಿತವನ ಕಿವಿಯ ಮಟ್ಟಕ್ಕೆ ಬರಬೇಕು. ಅಟ್ಟದಲ್ಲಿದ್ದ ಎರಡು ಹಲಸಿನ ಸ್ಟೂಲುಗಳು ಕೆಳಗಿಳಿದವು.

ಮೂರನೆಯದು ಮೂಲೆಯದು. ಮೂಲೆಯಲ್ಲಿಟ್ಟ ಪೆಟ್ಟಿಗೆಯ ತಗ್ಗು ಸ್ವರವನ್ನು ಎರಡು ಗೋಡೆಗಳೂ ನೆಲವೂ ಸೇರಿ ಹಿಂದಕ್ಕೆಸೆಯುತ್ತವೆ. ಅದು ಉಬ್ಬಿಕೊಂಡು ಗುಂಯ್‌ಗುಡುತ್ತದೆ. ಕಿಟಕಿಯ ಮೂಲೆಯದನ್ನು ಗೋಡೆಯಿಂದ ಎರಡಡಿ ಈಚೆಗೆ ಎಳೆದೆ. ಗುಂಯ್ ಇಳಿಯಿತು. ಎಡಬಲ ಎರಡೂ ಗೋಡೆಗೆ ಸಮದೂರ ಇಟ್ಟ ಮೇಲೆ ಇನ್ನಷ್ಟು ಇಳಿಯಿತು. ಗುಡಿಸಲು ಕಷ್ಟ ಎಂದು ಹೆಂಡತಿ ಗೊಣಗಿದಳು, ಅದೂ ನ್ಯಾಯವೇ.

ನಾಲ್ಕನೆಯದು ಕೋಣೆಯದು. ನಮ್ಮದು ಮುರಕಲ್ಲಿನ ಗೋಡೆಗೆ ಗಾರೆ ಮೆತ್ತಿದ, ಹಂಚಿನ ಮಾಡಿನ ಮನೆ. ಚಾವಡಿಯ ನಡುವೆ ನಿಂತು ಕೈ ತಟ್ಟಿದರೆ ಎರಡು ಬೋಳು ಗೋಡೆಗಳ ನಡುವೆ ಸದ್ದು ಟರ್‍ರ್ ಎಂದು ಓಡಾಡುತ್ತದೆ. ಕುರ್ಚಿಯಲ್ಲಿ ನಾನು ಕುಳಿತು, ಮಗಳ ಕೈಯಲ್ಲಿ ಕನ್ನಡಿ ಕೊಟ್ಟು ಪಕ್ಕದ ಗೋಡೆಗುಂಟ ಸರಿಸಲು ಹೇಳಿದೆ. ಎಲ್ಲಿ ಕನ್ನಡಿಯಲ್ಲಿ ಪೆಟ್ಟಿಗೆ ಕಾಣುತ್ತದೋ ಅಲ್ಲಿಂದಲೇ ಶಬ್ದವೂ ಗೋಡೆಗೆ ತಾಗಿ ನನ್ನ ಕಿವಿಗೆ ಹಾರುತ್ತದೆ. ಎಡಗಡೆ ಆ ಜಾಗದಲ್ಲಿ ಅಪ್ಪನ ಪುಸ್ತಕಗಳ ಕಪಾಟು ಮೊದಲೇ ಇತ್ತು. ಬಲಗಡೆ ದಪ್ಪ ಜಮಖಾನೆಯೊಂದನ್ನು ತೂಗುಹಾಕಿದೆ. ನೆಲಕ್ಕೆ ತೆಂಗಿನ ನಾರಿನ ಚಾಪೆ.

ಇಷ್ಟಾದರೂ ಏನೋ ಸರಿಯಿಲ್ಲ. ಮದ್ದಳೆಗೆ ಹೊಟ್ಟೆಯೇ ಇಲ್ಲ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯದು. ಒಂದು ವಾರ ಪೆಟ್ಟಿಗೆಗಳನ್ನು ಆಚೆಗೀಚೆಗೆ ದೂಡಿದೆ. ಕೊನೆಗೆ ಹಿಂದೆ ಬಗ್ಗಿ ನೋಡಿದರೆ, ಒಂದರ ತಂತಿಯನ್ನು ನಾನು ಕೆಂಪಿಗೂ ಕಪ್ಪಿಗೂ ಅದಲುಬದಲು ಸಿಕ್ಕಿಸಿದ್ದೆ. ಒಂದು ಮುಂದಕ್ಕೆ ನೂಕಿದಾಗ ಇನ್ನೊಂದು ಹಿಂದಕ್ಕೆಳೆಯುತ್ತದೆ. ಎರಡೂ ಸೇರಿ ತಗ್ಗು ಸ್ವರವನ್ನು ನುಂಗಿಬಿಡುತ್ತವೆ. ಬ್ಯಾಂಕಿನಲ್ಲಿ ಜಮೆಯನ್ನು ಖರ್ಚಿನ ಕಡೆ ಬರೆದು ರಾತ್ರಿ ಎಂಟರ ತನಕ ತಾಳೆ ಹುಡುಕಿದವರಿಗೆ ಮಾತ್ರ ಆ ಕ್ಷಣದ ನಾಚಿಕೆ ಗೊತ್ತು.

ತಂತಿ ಸರಿಪಡಿಸಿ ಹಾಡು ಹಚ್ಚಿದೆ. ಯೇಸುದಾಸರು ಎದುರಿಗೆ, ಎರಡು ಪೆಟ್ಟಿಗೆಗಳ ಸರಿನಡುವೆ, ಬರೀ ಗೋಡೆ ಇದ್ದಲ್ಲಿ ಬಂದು ನಿಂತರು. ಕೊಳಲು ಎಡಕ್ಕೆ, ತಬಲ ತುಸು ಬಲಕ್ಕೆ. ಹೆಂಡತಿಯನ್ನು ಕರೆದು ಕೂರಿಸಿದೆ. ಅವಳು ಎದ್ದು ಹೋಗಿ ಗೋಡೆಯ ಬಳಿ ಕೈಯಾಡಿಸಿ ನೋಡಿದಳು. ಏನೂ ಇಲ್ಲ. ಎರಡು ಪೆಟ್ಟಿಗೆಗಳೂ ಒಂದೇ ಸ್ವರವನ್ನು ಒಂದೇ ಹೊತ್ತಿಗೆ, ಒಂದೇ ಬಲದಲ್ಲಿ ಕೊಟ್ಟರೆ, ಎರಡೂ ಅಲ್ಲದ ಕಡೆ ಅದು ಹುಟ್ಟುತ್ತದೆ. ಇದರ ಗುಟ್ಟನ್ನು ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲೇ ಪೇಟೆಂಟಿಗೆ ಬರೆದುಕೊಟ್ಟಿದ್ದ. ಸಿನಿಮಾದಲ್ಲಿ ನಟ ಪರದೆಯ ಒಂದು ಬದಿಗೆ ನಡೆದರೂ ಅವನ ಮಾತು ಇನ್ನೊಂದು ಬದಿಯಿಂದಲೇ ಬರುವುದನ್ನು ನೋಡಿ ಅವನಿಗೆ ಇದು ಹೊಳೆಯಿತೆಂಬ ಕಥೆ ಇದೆ. ಅಪ್ಪನ ಅಟ್ಟದ ಭಾಗವತರ ಮಾತೂ ಅದೇ ಅಲ್ಲವೇ!

ಎರಡು ಕಡೆಯಿಂದಲೂ ಸಮವಾಗಿ ಕೇಳಿಸಿಕೊಂಡು, ನಡುವೆ ತನ್ನದೊಂದು ಸ್ವರ ಕಂಡುಕೊಳ್ಳುವುದು ಎಂದರೆ ನಮ್ಮ ಗಡಿಯವರ ಬಾಳೇ ಎಂದು ನನಗೆ ಆ ರಾತ್ರಿ ಬಹಳ ಹೆಮ್ಮೆಯಾಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೌಂಟರಿನಲ್ಲಿ ಮಲಯಾಳ. ಇದನ್ನೇ ಬರೆದು ಈ ವಾರ್ಷಿಕಕ್ಕೆ ಕಳುಹಿಸಬೇಕೆಂದುಕೊಂಡೆ. ಕಳುಹಿಸದಿದ್ದದ್ದು ಒಳ್ಳೆಯದಾಯಿತು.

ಮರುದಿನ ಅಪ್ಪನ ಕುರ್ಚಿಯನ್ನೇ ಆ ಜಾಗಕ್ಕೆ ತಂದಿಟ್ಟೆ. ಇದೆಲ್ಲ ಅವರಿಗಾಗಿಯೇ ಅಲ್ಲವೇ? 2019ರಲ್ಲಿ ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದರು. ಕರೆದರೂ ಕೆಲವೊಮ್ಮೆ ಓಗೊಡುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಹೆಂಡತಿ ಪಕ್ಕದಲ್ಲಿ ನಿಂತು "ಸಾರು ಹಾಕಲಾ ಮಾವ?" ಎಂದರೆ ಸುಮ್ಮನಿರುತ್ತಿದ್ದರು. ಅಡುಗೆ ಮೆಚ್ಚಲಿಲ್ಲವೆಂದು ಅವಳ ಮನಸ್ಸಿಗೆ ನೋವಾಗುತ್ತಿತ್ತು. ಅಮ್ಮನ ಕೊರಗು ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಹಾಡು ಕೇಳಿದರೆ ಮನಸ್ಸು ತಿಳಿಯಾದೀತೆಂದು ನನ್ನ ಲೆಕ್ಕ.

ಅಪ್ಪ ಕುಳಿತು ಕೇಳಿದರು. "ಚೆನ್ನಾಗಿದೆ" ಎಂದರು. ಮರುದಿನ ನೋಡಿದರೆ ಕುರ್ಚಿ ಪೂರ್ತಿ ಎಡಕ್ಕೆ ತಿರುಗಿದೆ. ಅಪ್ಪ ಪುಸ್ತಕದ ಕಪಾಟಿಗೆ ಮುಖಮಾಡಿ, ಮುನಿಸಿಕೊಂಡವರ ಹಾಗೆ ಕುಳಿತಿದ್ದಾರೆ. ನಾನು ಸರಿಪಡಿಸಿದೆ. ಮತ್ತೆ ತಿರುಗಿತು. ಸೀಮೆಸುಣ್ಣದ ಗುರುತು ಹಾಕಿದ್ದು ಆಗಲೇ. ಅದನ್ನೂ ಮೀರಿ ಕುರ್ಚಿ ತಿರುಗಿದಾಗ ನನಗೆ ಸಿಟ್ಟು ಬಂತು. "ಅಪ್ಪಾ, ಹಾಗೆ ಕುಳಿತರೆ ನಿಮಗೆ ಎಂತ ಕೇಳುತ್ತದೆ? ಎರಡು ತಿಂಗಳು ಅಳೆದು ಇಟ್ಟದ್ದು ನಾನು" ಎಂದೆ. ಅವರು ಏನೂ ಹೇಳಲಿಲ್ಲ. ಆಮೇಲೆ ಚಾವಡಿಗೆ ಬರುವುದನ್ನೇ ಬಿಟ್ಟು ಜಗಲಿಯಲ್ಲಿ ಕೂರತೊಡಗಿದರು.

ಒಂದು ಭಾನುವಾರ ತಂತಿಗಳನ್ನು ಪರೀಕ್ಷಿಸಲೆಂದು ನಾನು ಎಡ ಪೆಟ್ಟಿಗೆ ಮಾತ್ರ ನುಡಿಯುವಂತೆ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ್ದೆ. ಅಪ್ಪ ಪೇಪರು ಹುಡುಕುತ್ತ ಒಳಗೆ ಬಂದು ಚಾವಡಿಯ ನಡುವೆ ನಿಂತರು. "ಎಲ್ಲಿಂದ ಕೇಳುತ್ತದೆ ಹೇಳಿ" ಎಂದೆ, ಸ್ವಲ್ಪ ಕೊಂಕಿನಿಂದಲೇ. ಅವರು ಬಲಗಡೆಯ ಅಡುಗೆಮನೆಯತ್ತ ಕತ್ತು ಹೊರಳಿಸಿ, "ಅಲ್ಲಿ ಮೊಬೈಲು ಇಟ್ಟಿದ್ದಾಳಾ ಮಗು?" ಎಂದರು.

ನಾನು ಹಾಡು ನಿಲ್ಲಿಸಿದೆ.

ಎಡಗಿವಿ ಮಂದವಾಗಿ ಆರೇಳು ವರ್ಷವಾಯಿತಂತೆ. ಈಗ ಏನೂ ಇಲ್ಲವಂತೆ. "ಮದ್ದಳೆ ಬಾರಿಸಿದವನಿಗೆ ಕಿವಿ ಕೇಳುವುದಿಲ್ಲ ಎಂದು ಹೇಳಿಕೊಂಡು ತಿರುಗಲಾ?" ಎಂದರು. ತುಸು ಹೊತ್ತು ಬಿಟ್ಟು, "ನಿನ್ನ ಅಮ್ಮನಿಗೆ ಗೊತ್ತಿತ್ತು" ಎಂದರು.

ಆಗ ನನಗೆ ಕಂಡಿತು. ಜಾತ್ರೆಯಲ್ಲಿ, ಬಸ್ಸಿನಲ್ಲಿ, ಜಗಲಿಯಲ್ಲಿ ಅಮ್ಮ ಯಾವಾಗಲೂ ಅಪ್ಪನ ಬಲಗಡೆಗೇ ಇರುತ್ತಿದ್ದಳು. ಯಾರಾದರೂ ಎಡಗಡೆಯಿಂದ ಮಾತಾಡಿದರೆ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದಳು. ಅಮ್ಮನಿಗೆ ಹೇಳಿದ್ದನ್ನೇ ಹೇಳುವ ಚಾಳಿ ಎಂದು ನಾವು ನಗುತ್ತಿದ್ದೆವು. ಹೆಂಡತಿ ಬಡಿಸಲು ನಿಲ್ಲುತ್ತಿದ್ದದ್ದು ಅಪ್ಪನ ಎಡಕ್ಕೆ. ಅಡುಗೆಮನೆಯ ಬಾಗಿಲು ಬಲಗಡೆಗಿದ್ದರೂ ಬಲಗಡೆ ಗೋಡೆ ಹತ್ತಿರ, ನಿಲ್ಲಲು ಜಾಗವಿಲ್ಲ, ಅಷ್ಟೆ. ಅಪ್ಪ ಕುರ್ಚಿಯನ್ನು ಎಡಕ್ಕೆ ತಿರುಗಿಸುತ್ತಿದ್ದದ್ದು ಬಲಗಿವಿಯನ್ನು ಪೆಟ್ಟಿಗೆಗಳಿಗೆ ಒಡ್ಡಲು. ಎರಡು ಕಿವಿಗಳಿಗೆ ತಲುಪುವುದರ ನಡುವಣ ವ್ಯತ್ಯಾಸದಿಂದಲೇ ದಿಕ್ಕು ತಿಳಿಯುವುದು. ಒಂದೇ ಕಿವಿ ಇದ್ದವರಿಗೆ ನನ್ನ ತ್ರಿಕೋನ, ನನ್ನ ಹುರಿಹಗ್ಗ ಯಾವುದೂ ಲೆಕ್ಕಕ್ಕಿಲ್ಲ. ಎಡ ಪೆಟ್ಟಿಗೆಯ ಕೊಳಲು ಅವರ ತಲೆಯ ಮರೆಯಲ್ಲಿ ಮಸುಕಾಗಿ ಹೋಗುತ್ತಿತ್ತು. ನಾನು ಅಳೆದದ್ದು ಸರಿಯಿತ್ತು. ಯಾರಿಗೆ ಎಂದು ಕೇಳಿರಲಿಲ್ಲ.

ನಮ್ಮ ಶಾಖೆಗೆ ಬರುವ ಒಬ್ಬ ಅಜ್ಜಿಯ ನೆನಪು ಆಗ ಬಂತು. ಫಾರಮಿನಲ್ಲಿ ಮೂರು ಭಾಷೆ ಅಚ್ಚಾಗಿದೆ: ಮಲಯಾಳ, ಹಿಂದಿ, ಇಂಗ್ಲಿಷ್. ಎಲ್ಲ ಸಮವಾದ ಅಕ್ಷರ, ಸಮವಾದ ಗೆರೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅವರು, "ಎಲ್ಲರದ್ದೂ ಉಂಟು ಮಗಾ, ನನಗೆ ಓದಲಿಕ್ಕೆ ಮಾತ್ರ ಇಲ್ಲ" ಎಂದಿದ್ದರು. ನಾನು ಬೇಗ ಬೇಗ ತುಂಬಿಸಿಕೊಟ್ಟು ಮುಂದಿನ ಟೋಕನ್ ಕರೆದಿದ್ದೆ. 1956ರಲ್ಲಿ ಗೆರೆ ಎಳೆದವರ ಬಗ್ಗೆ ಭಾಷಣ ಮಾಡುವ ನಾನು ಮನೆಯ ಚಾವಡಿಯಲ್ಲಿ ಸೀಮೆಸುಣ್ಣ ಹಿಡಿದು ಮಾಡಿದ್ದೇನು?

ಅಪ್ಪನನ್ನು ಕಿವಿಯ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ವಯಸ್ಸು ಎಂದರು, ಚೆಂಡೆಯ ಪಕ್ಕದಲ್ಲಿ ಕಳೆದ ರಾತ್ರಿಗಳೂ ಇರಬಹುದು ಎಂದರು. ಯಂತ್ರ ಕೊಂಡೆವು. ಅದು ಹೆಚ್ಚಾಗಿ ಡಬ್ಬಿಯಲ್ಲೇ ಇರುತ್ತದೆ.

ಆಂಪ್ಲಿಫಯರಿನ ಮುಂಭಾಗದಲ್ಲಿ "ಮೋನೊ" ಎಂದು ಬರೆದ ಸಣ್ಣ ಗುಂಡಿಯೊಂದಿದೆ. ನಾನು ಅದನ್ನು ಮುಟ್ಟಿರಲೇ ಇಲ್ಲ. ಸ್ಟೀರಿಯೊ ಇರುವಾಗ ಅದು ಯಾಕೆಂದು. ಅದನ್ನು ಒತ್ತಿದರೆ ಎಡದ್ದೂ ಬಲದ್ದೂ ಬೆರೆತು ಎರಡೂ ಪೆಟ್ಟಿಗೆಗಳಿಂದ ಒಂದೇ ಆಗಿ ಬರುತ್ತದೆ. ಯಾವ ಕಿವಿಗೂ ಏನೂ ತಪ್ಪುವುದಿಲ್ಲ. ಕುರ್ಚಿಯನ್ನು ಅಪ್ಪನಿಗೆ ಬೇಕಾದ ಹಾಗೆ ತಿರುಗಿಸಿ, ಒಂದು ಪೆಟ್ಟಿಗೆಯನ್ನು ಅವರ ಬಲಕ್ಕೆ, ನಾಲ್ಕಡಿ ಹತ್ತಿರಕ್ಕೆ ತಂದೆ. ಹತ್ತಿರವಾದಷ್ಟೂ ಗೋಡೆಯ ಮಾರ್ದನಿ ಕಡಿಮೆ, ಮಾತು ಸ್ಪಷ್ಟ.

ಅಟ್ಟದ ಪೆಟ್ಟಿಗೆಯಿಂದ ಹಳೆಯ ತಾಳಮದ್ದಳೆಯ ಕ್ಯಾಸೆಟ್ಟು ತೆಗೆದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ. ಅವರು 2006ರಲ್ಲಿ ತೀರಿಕೊಂಡರು. ಇದು ಅದಕ್ಕೂ ಎಷ್ಟೋ ಮೊದಲು ಯಾರೋ ವೇದಿಕೆಯ ಎದುರು ರೆಕಾರ್ಡರ್ ಇಟ್ಟು ತುಂಬಿಸಿಕೊಂಡದ್ದು. ಒಂದೇ ಮೈಕು. ಅದರಲ್ಲಿ ಎಡ ಬಲ ಎಂಬುದು ಮೊದಲಿಗೇ ಇಲ್ಲ. ಮಗುವಿನ ಅಳು, ಕೆಮ್ಮು, ಹೊರಗೆ ಹೋಗುವ ಬಸ್ಸು, ಎಲ್ಲವೂ ಒಂದೇ ಕಡೆಯಿಂದ. ಶೇಣಿಯವರ ಮಾತು ಆರಂಭವಾಯಿತು. ಅಪ್ಪ ಕಣ್ಣುಮುಚ್ಚಿದರು. ಪದ ಬಂದಾಗ ಅವರ ಬೆರಳು ಕುರ್ಚಿಯ ಕೈಯ ಮೇಲೆ ಆಡತೊಡಗಿತು. ಒಂದು ಕಡೆ ಪೆಟ್ಟು ತಪ್ಪಿದ್ದನ್ನು ಗುರುತಿಸಿ, "ಅಲ್ಲಿ ನಾನು ಎಡವಿದ್ದು" ಎಂದರು. ಮದ್ದಳೆ ಅವರದ್ದೇ ಎಂದು ನನಗೆ ಗೊತ್ತೇ ಇರಲಿಲ್ಲ.

ಕ್ಯಾಸೆಟ್ಟು ಮುಗಿದಾಗ, "ಈಗ ಭಾಗವತರು ಅಟ್ಟದಿಂದ ಇಳಿದರು ನೋಡು" ಎಂದರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಕೆಲವೊಮ್ಮೆ ಪೆಟ್ಟಿಗೆಯನ್ನು ಹಿಂದಕ್ಕೊಯ್ದು, ಗುಂಡಿ ಬಿಡಿಸಿ, ಕೊಳಲನ್ನು ಎಡಕ್ಕೆ ಕೇಳುತ್ತೇನೆ. ಆ ಸುಖ ಬಿಡಲಾಗುವುದಿಲ್ಲ. ಬೆಳಿಗ್ಗೆ ಮೊದಲಿನ ಹಾಗೆ ಇಡುತ್ತೇನೆ. ಸೀಮೆಸುಣ್ಣದ ಗುರುತುಗಳು ಹೆಂಡತಿ ನೆಲ ಒರಸಿ ಒರಸಿ ಮಾಸಿಹೋದವು. ಮತ್ತೆ ಹಾಕಲಿಲ್ಲ. ಅವಳು ಊಟದ ಬಲಗಡೆಯ ಗೋಡೆಯಿಂದ ಮೇಜನ್ನು ಒಂದೂವರೆ ಅಡಿ ಈಚೆಗೆ ಎಳೆದಿದ್ದಾಳೆ. ಈಗ ಬಲಗಡೆ ನಿಂತು "ಸಾರು ಹಾಕಲಾ ಮಾವ?" ಎಂದು ಕೇಳುತ್ತಾಳೆ. ಅಪ್ಪ "ಸ್ವಲ್ಪ ಹಾಕಮ್ಮ" ಎನ್ನುತ್ತಾರೆ.